ಗಂಟಲ ಔಷಧದಿಂದ ಕಾರ್ಖಾನೆಯ ಬಣ್ಣದವರೆಗೆ: ಸ್ಪ್ರೇ ಗನ್ನಿನ ಇತಿಹಾಸ



ಇತಿಹಾಸವೆಂದರೆ ರಾಜರ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳ ಇಸವಿಗಳು ಮಾತ್ರವೆಂದು ಭಾವಿಸಿ ನೀವು ಅವುಗಳನ್ನು ಬಾಯಿಪಾಠ ಮಾಡುತ್ತಿದ್ದುದು ನನಗಿನ್ನೂ ನೆನಪಿದೆ. ಪಠ್ಯಪುಸ್ತಕದಲ್ಲಿ ಸ್ಥಾನ ಪಡೆಯದ ಸಾಮಾನ್ಯ ಉಪಕರಣಗಳಿಗೂ ಒಂದು ವಂಶಾವಳಿ ಇರುತ್ತದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮೇಲ್ವಿಚಾರಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳ ಹಿಂದೆ ನನ್ನನ್ನು ಕರೆದೊಯ್ದು ಸ್ವಯಂಚಾಲಿತ ಸ್ಪ್ರೇ ಗನ್ನುಗಳನ್ನು ತೋರಿಸಿದ. ಅಂದಿನಿಂದ ಅವುಗಳ ಪೂರ್ವಚರಿತ್ರೆಯನ್ನು ಓದುತ್ತ ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದ್ರವವನ್ನು ಗಾಳಿಯ ರಭಸದಿಂದ ಸೂಕ್ಷ್ಮ ಹನಿಗಳಾಗಿ ಒಡೆಯುವುದೇ ಈ ಉಪಕರಣದ ಮೂಲತತ್ತ್ವ. ನೀರಿನಲ್ಲಿ ನಿಲ್ಲಿಸಿದ ಒಂದು ಕೊಳವೆಯ ಬಾಯಿಗೆ ಅಡ್ಡಲಾಗಿ ಇನ್ನೊಂದು ಕೊಳವೆಯಿಂದ ಜೋರಾಗಿ ಊದಿದರೆ ನೀರು ಮೇಲೇರಿ ತುಂತುರಾಗುವ ಪ್ರಯೋಗವನ್ನು ನಿಮ್ಮ ವಿಜ್ಞಾನದ ಮೇಷ್ಟ್ರು ಮಾಡಿಸಿದ್ದಾರು. ಇದೇ ತತ್ತ್ವವನ್ನು ಅಮೆರಿಕದ ಓಹಾಯೋ ಸಂಸ್ಥಾನದ ಟೊಲೀಡೊ ನಗರದ ವೈದ್ಯ ಡಾ. ಅಲೆನ್ ಡಿವಿಲ್ಬಿಸ್ 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು ಬಳಸಿಕೊಂಡರು. ರಬ್ಬರಿನ ಉಂಡೆಯನ್ನು ಹಿಸುಕಿದರೆ ಔಷಧವು ಮಂಜಿನಂತೆ ಹೊರಬರುತ್ತಿತ್ತು. ಅವರ ಮಗ ಥಾಮಸ್ ಡಿವಿಲ್ಬಿಸ್ 1907ರಲ್ಲಿ ಅದೇ ತತ್ತ್ವವನ್ನು ಮರಗೆಲಸದ ವಾರ್ನಿಷ್ ಹಚ್ಚಲು ಅಳವಡಿಸಿದರು. ತಂದೆ ವಾಸಿಮಾಡಲು ಕಂಡುಕೊಂಡ ಸಾಧನವು ಮಗನ ಕೈಯಲ್ಲಿ ಉದ್ಯಮದ ಸಾಧನವಾಯಿತು.

ಇದಕ್ಕೂ ಮೊದಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಸ್ವಾಮಿ ವಿವೇಕಾನಂದರ ಭಾಷಣದಿಂದಾಗಿ ನಮಗೆಲ್ಲ ಪರಿಚಿತವಾದ 1893ರ ಚಿಕಾಗೋ ನೆನಪಿಸಿಕೊಳ್ಳಿ. ಸರ್ವಧರ್ಮ ಸಮ್ಮೇಳನವು ಅಲ್ಲಿನ ವಿಶ್ವ ಮೇಳದ ಅಂಗವಾಗಿ ಜರುಗಿತು. ಆ ಮೇಳಕ್ಕಾಗಿ ಕಟ್ಟಿದ ಬೃಹತ್ ಭವನಗಳಲ್ಲಿ ಹೆಚ್ಚಿನವಕ್ಕೆ ಬಿಳಿ ಬಣ್ಣ ಬಳಿಯಬೇಕಿತ್ತು. ಕಾಲಾವಕಾಶ ಬಹಳ ಕಡಿಮೆ. ಬಣ್ಣದ ಹೊಣೆ ಹೊತ್ತಿದ್ದ ಕಲಾವಿದ ಫ್ರಾನ್ಸಿಸ್ ಮಿಲೆ ಅವರ ತಂಡವು ಒತ್ತಿದ ಗಾಳಿಯಿಂದ ಬಣ್ಣ ಚಿಮ್ಮಿಸುವ ವಿಧಾನವನ್ನು ಬಳಸಿತು. ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿದ ಗ್ಯಾಸ್ ಪೈಪಿನ ಬಾಯನ್ನು ಬಡಿದು ಚಪ್ಪಟೆ ಮಾಡಿದ್ದೇ ಅವರ ನಾಜಲ್. ‘ಶ್ವೇತನಗರ’ವೆಂದು ಹೆಸರಾದ ಆ ಮೇಳದ ಬಿಳುಪಿನ ಹಿಂದೆ ಇಷ್ಟು ಸರಳವಾದ ಉಪಾಯವಿತ್ತು. ಇದೇ ಮಿಲೆ 1912ರಲ್ಲಿ ಟೈಟಾನಿಕ್ ಹಡಗಿನ ದುರಂತದಲ್ಲಿ ಮಡಿದರು.

ಸ್ಪ್ರೇ ಗನ್ನನ್ನು ಕಾರ್ಖಾನೆಯಲ್ಲಿ ಅನಿವಾರ್ಯಗೊಳಿಸಿದ್ದು ಮೋಟಾರು ಕಾರು. ಕುಂಚದಿಂದ ವಾರ್ನಿಷ್ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುವ ಕೆಲಸಕ್ಕೆ ವಾರಗಳೇ ಹಿಡಿಯುತ್ತಿದ್ದವು. ಕಾರುಗಳು ತಯಾರಾಗುವ ವೇಗಕ್ಕೆ ಬಣ್ಣದ ಮನೆಯೇ ಅಡ್ಡಿಯಾಯಿತು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರನ್ನು ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ ಬಳಸಿತು. ಅದು ಎಷ್ಟು ಬೇಗ ಒಣಗುತ್ತಿತ್ತೆಂದರೆ ಕುಂಚದಿಂದ ಸಮನಾಗಿ ಹರಡಲು ವ್ಯವಧಾನವೇ ಇರುತ್ತಿರಲಿಲ್ಲ. ಸಿಂಪಡಿಸುವುದೇ ಯೋಗ್ಯ ಮಾರ್ಗವಾಗಿತ್ತು. ಹೀಗೆ ರಸಾಯನಶಾಸ್ತ್ರವು ಕುಂಚದ ಕೈಯಿಂದ ಕೆಲಸವನ್ನು ಕಿತ್ತು ಗನ್ನಿಗೆ ಒಪ್ಪಿಸಿತು.

ಇಲ್ಲಿಂದ ಕಥೆಯ ಕಹಿ ಭಾಗ. ಸಿಂಪಡಿಸಿದ ಬಣ್ಣವೆಲ್ಲ ವಸ್ತುವಿಗೆ ಅಂಟುವುದಿಲ್ಲ. ಸಾಂಪ್ರದಾಯಿಕ ಗನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಲ್ಲಿ ಮಂಜಾಗಿ ಹೋಗುವುದುಂಟು. ಆ ಮಂಜಿನಲ್ಲಿ ಸೀಸವಿತ್ತು, ಬೆಂಜೀನ್ ಇತ್ತು. 1920ರ ದಶಕದಲ್ಲಿ ಅಮೆರಿಕದ ಬಣ್ಣಗಾರರ ಸಂಘಗಳು ಈ ಯಂತ್ರವನ್ನು ವಿರೋಧಿಸಿದವು. ಜೀವನೋಪಾಯದ ಚಿಂತೆಯೊಂದಿಗೆ ಉಸಿರಿನ ಚಿಂತೆಯೂ ಅದರಲ್ಲಿತ್ತು. ಗಂಟಲಿನ ಬೇನೆ ಕಳೆಯಲು ಹುಟ್ಟಿದ ಉಪಕರಣವು ಕಾರ್ಮಿಕನ ಗಂಟಲಿಗೇ ಕುತ್ತಾಗಿತ್ತು.

ಇದು ದೂರದ ದೇಶದ ಹಳೆಯ ಮಾತಲ್ಲ. ನನ್ನ ವಿದ್ಯಾರ್ಥಿಗಳಲ್ಲೇ ಒಬ್ಬ, ತರಗತಿಯಲ್ಲಿ ಭೂಪಟಗಳಿಗೆ ಗೆರೆ ದಾಟದಂತೆ ಬಣ್ಣ ತುಂಬುತ್ತಿದ್ದವನು, ಒಂದು ಚಿಕ್ಕ ಘಟಕದಲ್ಲಿ ಹನ್ನೊಂದು ವರ್ಷ ಕೈಯಲ್ಲಿ ಗನ್ ಹಿಡಿದು ದುಡಿದ. ಮುಖಕ್ಕೆ ಅವನಿಗಿದ್ದ ರಕ್ಷಣೆ ಒಂದು ಕರವಸ್ತ್ರ ಮಾತ್ರ. ಇಂದು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಎರಡು ಘಟಕಗಳ ಬಣ್ಣಗಳಲ್ಲಿರುವ ಐಸೊಸೈನೇಟ್‌ಗಳು ಆಸ್ತಮಾ ತರಬಲ್ಲವು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆದುದರಿಂದಲೇ ಗನ್ನು ಮನುಷ್ಯನ ಕೈಬಿಟ್ಟು ಯಂತ್ರದ ತೋಳು ಸೇರಿದ್ದನ್ನು ನಾನು ಕೇವಲ ಉದ್ಯೋಗನಷ್ಟವೆಂದು ಕಾಣಲಾರೆ.

ಆ ಬದಲಾವಣೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾರ್ವೆಯ ಬ್ರೂನೆ ಎಂಬ ಊರಿನಲ್ಲಿ. ಅಲ್ಲಿ ಟ್ರಾಲ್ಫಾ ಕಂಪನಿ ಕೈಗಾಡಿಗಳನ್ನು ತಯಾರಿಸುತ್ತಿತ್ತು. ಅವುಗಳಿಗೆ ಬಣ್ಣ ಹೊಡೆಯುವ ಕೊಳಕು ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಓಲೆ ಮೋಲೌಗ್ ಎಂಬ ಎಂಜಿನಿಯರ್ 1960ರ ದಶಕದ ಉತ್ತರಾರ್ಧದಲ್ಲಿ ಬಣ್ಣ ಸಿಂಪಡಿಸುವ ರೋಬೋಟನ್ನು ರೂಪಿಸಿದರು. ಅದರ ಕಲಿಕೆಯ ವಿಧಾನ ಮೇಷ್ಟ್ರಾದ ನನಗೆ ಬಹಳ ಹಿಡಿಸಿತು: ನುರಿತ ಬಣ್ಣಗಾರ ಅದರ ತೋಳನ್ನು ಹಿಡಿದು ಒಮ್ಮೆ ಕೆಲಸ ಮಾಡಿ ತೋರಿಸಬೇಕು, ಅದು ಆ ಚಲನೆಯನ್ನು ನೆನಪಿಟ್ಟುಕೊಂಡು ಹಾಗೆಯೇ ಮಾಡುತ್ತದೆ. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ರೀತಿಯೇ ಇದು.

ಇನ್ನು ಸ್ವಯಂಚಾಲಿತ ಗನ್ನಿನ ರಚನೆ. ಕೈಗನ್ನಿನಲ್ಲಿ ಬೆರಳು ಎಳೆಯುವ ಕುದುರೆಯ ಬದಲು ಇದರಲ್ಲಿ ಒಂದು ಪಿಸ್ಟನ್ ಇದೆ. ಒತ್ತಿದ ಗಾಳಿ ಪಿಸ್ಟನ್ನನ್ನು ಹಿಂದೆ ತಳ್ಳಿದಾಗ ಸೂಜಿ ಹಿಂದೆ ಸರಿದು ನಾಜಲಿನ ಬಾಯಿ ತೆರೆಯುತ್ತದೆ. ಗಾಳಿ ನಿಂತರೆ ಸ್ಪ್ರಿಂಗು ಸೂಜಿಯನ್ನು ಮುಂದೊತ್ತಿ ಮುಚ್ಚುತ್ತದೆ. ಸಾಮಾನ್ಯವಾಗಿ ಮೂರು ಗಾಳಿದಾರಿಗಳು: ಪಿಸ್ಟನ್ನಿಗೆ ಒಂದು, ಬಣ್ಣವನ್ನು ಹನಿಯಾಗಿಸಲು ಒಂದು, ಧಾರೆಯನ್ನು ಬೀಸಣಿಗೆಯಂತೆ ಅಗಲಿಸಲು ಇನ್ನೊಂದು. ಹನಿಯಾಗಿಸುವ ಗಾಳಿ ಬಣ್ಣಕ್ಕಿಂತ ಕ್ಷಣ ಮೊದಲು ಆರಂಭವಾಗಿ, ಬಣ್ಣ ನಿಂತ ಮೇಲೆ ನಿಲ್ಲಬೇಕು. ಈ ಕ್ರಮ ತಪ್ಪಿದರೆ ದಪ್ಪ ಹನಿಗಳು ಉಗುಳಿದಂತೆ ವಸ್ತುವಿನ ಮೇಲೆ ಬೀಳುತ್ತವೆ.

ನಿರ್ವಹಣೆಯ ವಿಷಯದಲ್ಲಿ ನನ್ನ ವಿದ್ಯಾರ್ಥಿ ಗುರುವಾದ, ನಾನು ಶಿಷ್ಯನಾದೆ. ಅವನು ಒಂದು ಕಾಗದದ ಮೇಲೆ ಬಣ್ಣ ಹಾಯಿಸಿ ತೋರಿಸಿದ. ನೀಳ ದೀರ್ಘವೃತ್ತ ಬರಬೇಕಾದಲ್ಲಿ ಬಾಳೆಹಣ್ಣಿನಂತೆ ಬಾಗಿದ ಗುರುತು ಬಂದಿತು.

“ದೋಷ ಎಲ್ಲಿದೆ ಹೇಳಿ ಸಾರ್?” ಎಂದ.

ನಾನು ಸುಮ್ಮನಿದ್ದೆ. ಅವನು ಮುಂಭಾಗದ ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಯಿಸಿದ. ಬಾಗು ಎದುರು ದಿಕ್ಕಿಗೆ ಹೊರಳಿತು. “ಕ್ಯಾಪಿನ ಜೊತೆ ಗುರುತೂ ತಿರುಗಿತು, ಹಾಗಾಗಿ ಕಸ ಕ್ಯಾಪಿನಲ್ಲೇ ಇದೆ. ಗುರುತು ತಿರುಗದಿದ್ದರೆ ನಾಜಲ್ ನೋಡಬೇಕಿತ್ತು” ಎಂದು ವಿವರಿಸಿದ. ಬಳಿಕ ಕ್ಯಾಪನ್ನು ಥಿನ್ನರಿನಲ್ಲಿ ನೆನೆಸಿ, ಮರದ ಕಡ್ಡಿಯಿಂದ ರಂಧ್ರ ಬಿಡಿಸಿದ. ತಂತಿ ಚುಚ್ಚಿದರೆ ರಂಧ್ರದ ಅಂಚು ಕೆಟ್ಟು ಧಾರೆ ಶಾಶ್ವತವಾಗಿ ಓರೆಯಾಗುತ್ತದೆಯಂತೆ. ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಬಾರದು, ಒಳಗಿನ ವಾಷರುಗಳು ಒಣಗಿ ಸೋರುತ್ತವೆ. ಸೂಜಿ ಮತ್ತು ನಾಜಲ್ ಸವೆದಾಗ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಬಿಚ್ಚುವ ಮುನ್ನ ಗಾಳಿಯ ಮತ್ತು ಬಣ್ಣದ ಒತ್ತಡಗಳೆರಡನ್ನೂ ಪೂರ್ತಿ ಇಳಿಸಬೇಕು.

“ಗನ್ ತಾನೇ ಹೊಡೆಯುತ್ತೆ ಸಾರ್, ತಾನೇ ತೊಳ್ಕೊಳ್ಳಲ್ಲ” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ತೊಳೆಯುವವನು ಇಂದಿಗೂ ಮನುಷ್ಯನೇ. ಆ ಥಿನ್ನರಿನ ಆವಿ ಅವನ ಮೂಗಿಗೇ ಬಡಿಯುತ್ತದೆ. ಅವನ ವಿಭಾಗದಲ್ಲಿ ಹೊಗೆ ಹೀರುವ ಫ್ಯಾನುಗಳೂ ಕೈಗವಸುಗಳೂ ಯೋಗ್ಯ ಮುಖವಾಡಗಳೂ ಇದ್ದವು. ಹೊಸಬರಿಗೆ ಮೊದಲ ದಿನವೇ ಅವನು ಮುಖವಾಡ ತೊಡಿಸಿ, ಅಂಚಿನಿಂದ ಗಾಳಿ ನುಸುಳುವುದೇ ಎಂದು ತಾನೇ ಪರೀಕ್ಷಿಸುತ್ತಾನೆ. ಏದುಸಿರಿನ ಆ ಹುಡುಗ ಅವನ ಸಹಪಾಠಿ ಎಂಬುದನ್ನು ನಾನು ಬಲ್ಲೆ.

ನಿಮ್ಮಲ್ಲಿ ಅನೇಕರು ಕಾರ್ಖಾನೆಗಳಲ್ಲಿದ್ದೀರಿ, ಕೆಲವರು ಮಾಲೀಕರೂ ಆಗಿದ್ದೀರಿ. ನಿಮ್ಮ ಬಣ್ಣದ ಮನೆಗೆ ಒಮ್ಮೆ ಹೋಗಿ, ಅಲ್ಲಿ ದುಡಿಯುವವರು ಏನನ್ನು ಉಸಿರಾಡುತ್ತಿದ್ದಾರೆಂದು ನೋಡಿ ಬನ್ನಿ. ಇತಿಹಾಸದ ಪಾಠಕ್ಕೆ ನಾನು ಕೊಡುವ ಮನೆಗೆಲಸ ಇಷ್ಟೇ.