ಸ್ಕಾಟ್ಲೆಂಡಿನವನು ಬರೆಸಿದ ನಮ್ಮ ವಂಶಾವಳಿ

ದೇವಸಮುದ್ರದ ಕಡೆಯವರು ಮುತ್ತಾತನ ಅಪ್ಪ ಯಾರು ಅಂತ ಹುಡುಕಿಕೊಂಡು ಹೊರಟರೆ ಎಲ್ಲಿಗೆ ಹೋಗಬೇಕು ವೀಕ್ಷಕರೇ? ನಾಡಕಚೇರಿಯ ವಂಶವೃಕ್ಷ ಕೆಲವೇ ತಲೆಮಾರಿಗೆ ನಿಂತುಬಿಡುತ್ತೆ. ಸ್ಕಾಟ್ಲೆಂಡಿನಲ್ಲಿ 1855ರಿಂದಲೇ ಜನನ, ಮದುವೆ, ಮರಣ ನೋಂದಣಿ ಕಡ್ಡಾಯ. ಮರಣದ ದಾಖಲೆಯಲ್ಲೂ ಸತ್ತವರ ತಾಯಿಯ ತವರಿನ ಹೆಸರಿರುತ್ತೆ. ನಮ್ಮ ಯಾವ ಪಹಣಿಯಲ್ಲಿ ಅದಿದೆ, ಹೇಳಿ?

ತಮಾಷೆ ಅಂದ್ರೆ, ನಮ್ಮ ಮನೆತನಗಳ ಕಥೆ ಬರೆಸಿದವನೂ ಒಬ್ಬ ಸ್ಕಾಟ್ಲೆಂಡಿನವನೇ. ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಇವನ ಪಾಲಿಗೆ ಬಂತು. ಇಂಜಿನಿಯರಿಂಗ್ ಓದುವಾಗ ಸರ್ವೆ ಕ್ಯಾಂಪಿನಲ್ಲಿ ನೆಲ ಅಳೆಯೋದರಲ್ಲೇ ನಮಗೆ ಸುಸ್ತಾಗ್ತಿತ್ತು. ಇವನು ಬೊರಯ್ಯ, ಲಕ್ಷ್ಮಯ್ಯ ಎಂಬ ಕಾವಲಿ ಸಹೋದರರಂಥ ಸಹಾಯಕರಿಂದ ಊರೂರಿನ ಕೈಫಿಯತ್ತು, ಪಾಳೇಗಾರರ ವಂಶಾವಳಿ, ಶಾಸನಗಳನ್ನೆಲ್ಲ ಸಂಗ್ರಹಿಸಿದ. 1821ರಲ್ಲಿ ಅವನು ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಆ ರಾಶಿಗೆ ಅವನ ವಿಧವೆಗೆ ಕೊಟ್ಟದ್ದು 1 ಲಕ್ಷ ರೂಪಾಯಿ. ಇವತ್ತು ಅದು ಲಂಡನ್ನಿನಲ್ಲಿ, ಚೆನ್ನೈನಲ್ಲಿ ಹಂಚಿಹೋಗಿದೆ.

ಆದರೆ ಕೈಫಿಯತ್ತಿನಲ್ಲಿ ಹೆಚ್ಚಾಗಿ ಸಿಗೋದು ದೊರೆಗಳು, ಪಾಳೇಗಾರರು. ಕುರಿ ಕಾಯ್ದವರ, ಮಗ್ಗ ನೇಯ್ದವರ ಹೆಸರು? ಅದು ಇರೋದು ಎತ್ತಿನ ಮೇಲೆ ಬರುವ ಹೆಳವರ ನಾಲಿಗೆಯ ಮೇಲೆ. ಸುಗ್ಗಿಯಲ್ಲಿ ಬಾಗಿಲಿಗೆ ಬಂದು ತಲೆಮಾರು ಹೇಳಿ, ಕಾಳು ಪಡೆದು ಹೋಗ್ತಾರೆ. ಈ ಸಲ ಬಂದರೆ ಕಾಳಿನ ಜೊತೆ ಒಂದು ಲೋಟ ಚಹಾನೂ ಕೊಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಒತ್ತಿ, ಅಜ್ಜಿಯ ಹೆಸರೂ ಕೇಳಿ.