ಸಿನಿಮಾದ ಚಾಕು ಗೊತ್ತು, ಜಿಮ್ ಬೂವಿಯ ಚಾಕು ಯಾವುದು?

ಇವತ್ತಿನ ಕಥೆ ಒಂದು ಚಾಕುವಿನದ್ದು. ಸರಿಯಾಗಿ ಹೇಳಬೇಕಂದ್ರೆ, ಎರಡು ಚಾಕುಗಳದ್ದು. ಒಂದು ಸಿನಿಮಾದ್ದು, ಇನ್ನೊಂದು ಇತಿಹಾಸದ್ದು. ಸಿನಿಮಾದ್ದು ಹೇಗಿತ್ತು ಅಂತ ನಮಗೆ ಚೆನ್ನಾಗಿ ಗೊತ್ತು. ಇತಿಹಾಸದ್ದು ಮಾತ್ರ ಕಳೆದುಹೋಗಿದೆ.

1952. ಅಮೆರಿಕದಲ್ಲಿ ವಾರ್ನರ್ ಬ್ರದರ್ಸ್ ಕಂಪನಿ 'ದಿ ಐರನ್ ಮಿಸ್ಟ್ರೆಸ್' ಅನ್ನೋ ಸಿನಿಮಾ ಬಿಡುಗಡೆ ಮಾಡುತ್ತೆ. ಹೀರೋ ಆಲನ್ ಲ್ಯಾಡ್, ಪಾತ್ರ ಜಿಮ್ ಬೂವಿ. ಅದರಲ್ಲೊಂದು ದೃಶ್ಯ: ಕಮ್ಮಾರ ಆಕಾಶದಿಂದ ಬಿದ್ದ ಉಲ್ಕೆಯ ಚೂರನ್ನು ಉಕ್ಕಿಗೆ ಸೇರಿಸಿ ಚಾಕು ತಯಾರಿಸುತ್ತಾನೆ. ಉದ್ದ, ಅಗಲ, ತುದಿಯ ಹತ್ತಿರ ಬೆನ್ನಿನ ಭಾಗ ಒಳಕ್ಕೆ ಕೆತ್ತಿದ ಹಾಗೆ. ಇವತ್ತು 'ಬೂವಿ ನೈಫ್' ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಈ ಆಕಾರವೇ.

ಆ ಸಿನಿಮಾ ಮುಗಿದ ಮೇಲೂ ಆ ಚಾಕುವಿಗೆ ಕೆಲಸ ಸಿಕ್ತಾ ಹೋಯ್ತು.

ಇಂಥದ್ದನ್ನೆಲ್ಲ ಪತ್ತೆ ಮಾಡೋದು ಹೇಗೆ? ಸಿನಿಮಾವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡ್ತಾರೆ. ಹಿಡಿಯ ಮರದ ಗೆರೆಗಳು, ಲೋಹದ ಮೇಲಿನ ಸಣ್ಣ ತಗ್ಗು, ಗೀರು, ಜೋಡಣೆಯ ಸಂದು, ಇವನ್ನೆಲ್ಲ ಕೈಯಲ್ಲಿರೋ ವಸ್ತುವಿನ ಜೊತೆ ಹೋಲಿಸ್ತಾರೆ. ಒಂದೇ ಅಚ್ಚಿನ ಎರಡು ಚಾಕು ಇರಬಹುದು, ಆದರೆ ಒಂದೇ ಗೀರು ಎರಡರ ಮೇಲೆ ಇರೋದಿಲ್ಲ. ಇನ್ನೊಂದು ವಿಷಯ: ಹೊಡೆದಾಟದ ದೃಶ್ಯಕ್ಕೆ ಸಾಮಾನ್ಯವಾಗಿ ರಬ್ಬರಿನ ನಕಲು ಬಳಸ್ತಾರೆ. ಹಾಗಾಗಿ ಯಾವ ಸಿನಿಮಾ ಅಂತ ಗೊತ್ತಾದರೆ ಸಾಲದು, ಯಾವ ಶಾಟ್ ಅಂತಲೂ ನೋಡಬೇಕು.

ಸರಿ, ಈಗ ಇದೇ ವಿಧಾನವನ್ನು ನಿಜವಾದ ಜಿಮ್ ಬೂವಿಯ ಚಾಕುವಿಗೆ ಹಚ್ಚೋಣ.

1827ರ ಸೆಪ್ಟೆಂಬರ್ 19. ಲೂಯಿಸಿಯಾನಾದ ವಿಡೇಲಿಯಾ ಹತ್ತಿರ, ಮಿಸಿಸಿಪಿ ನದಿಯ ಮರಳುದಿಬ್ಬ. ಇಬ್ಬರು ಮಹನೀಯರು ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತಿದ್ದಾರೆ. ಇಬ್ಬರ ಗುಂಡೂ ತಪ್ಪಿತು. ಕೈ ಕುಲುಕಿ ರಾಜಿಯೂ ಆಯ್ತು. ಆದರೆ ಜೊತೆಗೆ ಬಂದಿದ್ದವರ ನಡುವೆ ಹಳೇ ದ್ವೇಷ ಇತ್ತು, ಜಗಳ ಅಲ್ಲಿಂದ ಶುರು. ಬೂವಿಗೆ ಗುಂಡೇಟು ಬಿತ್ತು, ನಾರಿಸ್ ರೈಟ್ ಅನ್ನೋ ವೈರಿ ಕತ್ತಿಯಿಂದ ಎದೆಗೆ ಇರಿದ. ಬೂವಿ ಅವನನ್ನೇ ಹಿಡಿದೆಳೆದು ತನ್ನ ಚಾಕುವಿನಿಂದ ಕೊಂದ. ಪತ್ರಿಕೆಗಳಲ್ಲಿ ಸುದ್ದಿ ಹರಡಿತು, ಬೂವಿ ದೊಡ್ಡ ಹೆಸರಾದ. ಆದರೆ ಆ ಚಾಕುವಿನ ವಿವರ? ಕಸಾಯಿಖಾನೆಯ ದೊಡ್ಡ ಚಾಕು ಅನ್ನೋ ಥರದ ಮಾತು ಬಿಟ್ಟರೆ ಹೆಚ್ಚೇನೂ ಇಲ್ಲ.

1838ರಲ್ಲಿ ಅವನ ಅಣ್ಣ ರೆಜಿನ್ ಬೂವಿ ಪತ್ರಿಕೆಗೊಂದು ಪತ್ರ ಬರೆದ. ಮೊದಲ ಚಾಕು ಮಾಡಿದ್ದು ನಾನು, ಅದೂ ಬೇಟೆಗೆ ಅಂತ. ಅಲಗಿನ ಉದ್ದ ಒಂಬತ್ತೂಕಾಲು ಇಂಚು, ಅಗಲ ಒಂದೂವರೆ ಇಂಚು, ಒಂದೇ ಕಡೆ ಹರಿತ, ಬಾಗು ಇಲ್ಲ. ನೋಡಿ, ನಿಮ್ಮ ಸ್ಕೂಲಿನ 30 ಸೆಂಟಿಮೀಟರ್ ಸ್ಕೇಲ್‌ಗಿಂತ ಗಿಡ್ಡ! ರೆಜಿನ್ ಗೆಳೆಯರಿಗೆ ಉಡುಗೊರೆ ಕೊಟ್ಟ ಕೆಲವು ಚಾಕುಗಳು ಉಳಿದಿವೆ. ಅವೂ ನೇರ ಬೆನ್ನಿನವು, ನೋಡೋಕೆ ಅಡುಗೆಮನೆ ಚಾಕುವಿನ ಹಾಗೆ.

ಇನ್ನೊಂದು ವಾದ ಅರ್ಕಾನ್ಸಾದ ಕಮ್ಮಾರ ಜೇಮ್ಸ್ ಬ್ಲ್ಯಾಕ್‌ನದ್ದು. ಸಿನಿಮಾದವರು ಹಿಡಿದಿದ್ದು ಇದನ್ನೇ. ಬ್ಲ್ಯಾಕ್ ಕುರುಡನಾಗಿ ಒಂದು ಕುಟುಂಬದ ಆಶ್ರಯದಲ್ಲಿದ್ದ. ವಯಸ್ಸಾದ ಮೇಲೆ ತನ್ನ ಉಕ್ಕಿನ ಗುಟ್ಟನ್ನು ಆ ಮನೆಯ ಮಗನಿಗೆ ಹೇಳಿ ಬರೆಸೋಕೆ ಕೂತ, ಆದರೆ ಒಂದೂ ನೆನಪಿಗೆ ಬರಲಿಲ್ಲ. ಮುಂದೆ ಅರ್ಕಾನ್ಸಾದ ಗವರ್ನರ್ ಆದ ಡೇನಿಯಲ್ ವೆಬ್‌ಸ್ಟರ್ ಜೋನ್ಸ್ ಹೇಳಿಕೊಂಡ ಕಥೆ ಇದು. ಆ ಮಗ ಅವರೇ.

ಇನ್ನು ಜಿಮ್ ಬೂವಿ? 1836ರ ಮಾರ್ಚ್ 6ರಂದು ಟೆಕ್ಸಸ್‌ನ ಅಲಾಮೊ ಕೋಟೆಯಲ್ಲಿ, ಕಾಯಿಲೆಯಿಂದ ಮಲಗಿದ್ದಾಗಲೇ ಸತ್ತ. ಹೆಣಗಳನ್ನು ಸುಟ್ಟರು. ಚಾಕು ಎಲ್ಲಿ ಹೋಯ್ತೋ. ಅದರ ಫೋಟೋನಾದ್ರೂ ಇದ್ಯಾ ಅಂದ್ರೆ, ಫೋಟೋಗ್ರಫಿ ಜಗತ್ತಿಗೆ ಪರಿಚಯ ಆಗಿದ್ದೇ 1839ರಲ್ಲಿ.

ವಸ್ತು ಹೋಯ್ತು, ಹೆಸರು ಉಳೀತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 'ಬೂವಿ ನೈಫ್'ಗಳು ಬಗೆಬಗೆಯ ಆಕಾರದಲ್ಲಿ ತಯಾರಾಗಿ ಅಮೆರಿಕಕ್ಕೆ ಬಂದವು. ಇತ್ತ ಕಾನೂನೂ ಬಂತು. 1838ರಲ್ಲಿ ಟೆನ್ನೆಸ್ಸೀ ರಾಜ್ಯ ಬೂವಿ ನೈಫನ್ನಷ್ಟೇ ಅಲ್ಲ, ಅದನ್ನು ಹೋಲುವ ಚಾಕುಗಳನ್ನೂ ನಿಷೇಧಿಸಿತು. ಹೋಲೋದು ಅಂದ್ರೆ ಯಾವುದನ್ನ? 1844ರಲ್ಲಿ ಹೇನ್ಸ್ ಅನ್ನೋ ಮನುಷ್ಯನ ಕೇಸ್ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು. ಅವನ ಹತ್ತಿರ ಇದ್ದದ್ದು ಬೂವಿ ನೈಫ್ ಅಂತ ಕೆಲವು ಸಾಕ್ಷಿಗಳು, ಅಲ್ಲ, ಬೇರೆ ಜಾತಿಯ ಚಾಕು ಅಂತ ಇನ್ನು ಕೆಲವರು. ಕೊನೆಗೆ ಶಿಕ್ಷೆ ಖಾಯಂ ಆಯ್ತು. ಮೂಲ ಯಾವುದು ಅಂತ ತೋರಿಸೋಕೆ ಆಗದ ಒಂದು ವಸ್ತುವಿಗೆ ಹೋಲಿಕೆ ಇದೆ ಅನ್ನೋದೇ ಒಬ್ಬ ಮನುಷ್ಯನ ಅಪರಾಧ ಆಯ್ತು!

ಆ ಖಾಲಿ ಜಾಗಕ್ಕೆ ನಮ್ಮ ತಲೆಯಲ್ಲಿ ಈಗ ಬಂದು ಕೂತಿರೋದು ಸಿನಿಮಾದ ಚಾಕು. ಹಾಗಾಗಿ ಯಾರಾದರೂ ಒಂದು ಹಳೇ ಚಾಕು ತೋರಿಸಿ, "ಇದು ಜಿಮ್ ಬೂವಿಯದ್ದೇ, ಸಿನಿಮಾದಲ್ಲಿದ್ದ ಹಾಗೇ ಇದೆ ನೋಡಿ" ಅಂದ್ರೆ ಸ್ವಲ್ಪ ಅನುಮಾನಪಡಿ. ಅದು ಹೋಲ್ತಾ ಇರೋದು 1952ರ ಚಾಕುವನ್ನ. 1827ರಲ್ಲಿ ಆ ಮರಳುದಿಬ್ಬದ ಮೇಲೆ ಇದ್ದದ್ದು, ಬಹುಶಃ ನೀವು ನೋಡಿದ್ರೂ ತರಕಾರಿ ಹೆಚ್ಚೋದು ಅಂದುಕೊಂಡು ಪಕ್ಕಕ್ಕಿಡೋ ಅಂಥ ಒಂದು ಚಾಕು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.