ಅಮೈಲಾಯ್ಡ್: ಪಿಷ್ಟವೆಂದು ತಿಳಿದದ್ದು ಪ್ರೋಟೀನಾದ ಬಗೆ

1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ ಅವರು ಮೆದುಳಿನ ಕೆಲವು ಕಣಗಳು ಅಯೋಡಿನ್ ತಗುಲಿದಾಗ ಬಣ್ಣ ಬದಲಿಸುವುದನ್ನು ಕಂಡು, ಅವನ್ನು ಪಿಷ್ಟದಂಥ ವಸ್ತುವೆಂದು ಬಗೆದು ಅಮೈಲಾಯ್ಡ್ ಎಂದು ಕರೆದರು. 1859ರಲ್ಲಿ ಫ್ರೀಡ್ರೈಶ್ ಮತ್ತು ಕೆಕುಲೆ ರಾಸಾಯನಿಕ ಪರೀಕ್ಷೆ ನಡೆಸಿ ಅದು ಪ್ರೋಟೀನು ಜಾತಿಯದೆಂದು ತೋರಿಸಿದರು. ಹೆಸರು ಮಾತ್ರ ಹಾಗೆಯೇ ಉಳಿಯಿತು. 1922ರಲ್ಲಿ ಬೆನ್‌ಹೋಲ್ಡ್ ಗುರುತಿಸಿದ ಕಾಂಗೋ ರೆಡ್ ಬಣ್ಣ ಇಂದಿಗೂ ಪತ್ತೆಯ ಮುಖ್ಯ ಸಾಧನ.

ರಕ್ತದ ಕ್ಯಾನ್ಸರ್ ಜೊತೆಗಿನ ನಂಟು ತಡವಾಗಿ ಸ್ಪಷ್ಟವಾಯಿತು. ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇದ್ದ ರೋಗಿಯ ಮೂತ್ರದಲ್ಲಿ ಬೆನ್ಸ್ ಜೋನ್ಸ್ 1840ರ ದಶಕದಲ್ಲೇ ವಿಚಿತ್ರ ಪ್ರೋಟೀನನ್ನು ವಿವರಿಸಿದ್ದರು. ಆ ಪ್ರೋಟೀನೇ ಅಮೈಲಾಯ್ಡ್ ಆಗಿ ಅಂಗಗಳಲ್ಲಿ ಶೇಖರವಾಗಬಹುದೆಂದು 1931ರಲ್ಲಿ ಮ್ಯಾಗ್ನಸ್-ಲೆವಿ ಊಹಿಸಿದರು. 1971ರಲ್ಲಿ ಗ್ಲೆನ್ನರ್ ತಂಡ, ಒಂದು ಬಗೆಯ ಅಮೈಲಾಯ್ಡ್ ಎಳೆಗಳು ಪ್ರತಿಕಾಯದ ಹಗುರ ಸರಪಳಿಗಳಿಂದ ಆದವೆಂದು ಸಾಬೀತುಪಡಿಸಿತು. ಈ ಕ್ಷೇತ್ರದ ದೊಡ್ಡ ತಿರುವುಗಳಲ್ಲಿ ಇದೂ ಒಂದು.

ಹೀಗೆ ಅಮೈಲಾಯ್ಡ್ ಶೇಖರವಾಗುವ ರೋಗವೇ ಅಮೈಲಾಯ್ಡೋಸಿಸ್; ಇದರಲ್ಲಿ ಮೂತ್ರಪಿಂಡ, ಹೃದಯಗಳಿಗೆ ಆಗುವ ಹಾನಿ ಸಾಮಾನ್ಯ. ಅಪರೂಪದ ತೊಂದರೆಗಳೂ ಕಳವಳಕಾರಿ: ನಾಲಿಗೆ ಊದಿಕೊಳ್ಳಬಹುದು, ಗುಲ್ಮ ತಾನಾಗಿ ಒಡೆಯಬಹುದು. ರಕ್ತ ಹೆಪ್ಪುಗಟ್ಟಿಸುವ ಹತ್ತನೆಯ ಅಂಶ ಅಮೈಲಾಯ್ಡಿಗೆ ಅಂಟಿಕೊಂಡು ರಕ್ತದಿಂದ ಮಾಯವಾಗಿ, ಸಣ್ಣ ಗಾಯವೂ ನಿಲ್ಲದೆ ಸೋರಬಹುದು. ಗುಲ್ಮ ತೆಗೆದ ಬಳಿಕ ಈ ಕೊರತೆ ಸರಿಹೋದ ಪ್ರಕರಣ 1979ರಲ್ಲಿ ವರದಿಯಾಯಿತು.

ಹಗುರ ಸರಪಳಿಗಳಿಂದಾಗುವ ಈ ಬಗೆಯ ಅಮೈಲಾಯ್ಡೋಸಿಸ್‌ಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಡಾರಾಟುಮುಮ್ಯಾಬ್. ಆ ಒಪ್ಪಿಗೆ ದೊರೆತದ್ದು 2021ರಲ್ಲಿ.